ಗೀಳುರೋಗವೂ ಅದರ ಚಿಕಿತ್ಸೆಯ ಚರಿತ್ರೆಯೂ

ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಹನ್ನೆರಡನೆಯ ಶತಮಾನದ ಶರಣರು ಅಲ್ಲಗಳೆದರೆಂಬುದನ್ನು ತಾವು ಬಲ್ಲಿರಿ. ಆದರೂ ಇಷ್ಟಲಿಂಗವನ್ನು ಮುಟ್ಟುವ ಮುನ್ನ ಇಪ್ಪತ್ತು ಸಲ ಕೈ ತೊಳೆದು, ಇನ್ನೂ ಶುದ್ಧವಾಗಲಿಲ್ಲವೆಂದು ಮರಳಿ ಬಚ್ಚಲಿಗೆ ಹೋಗುವವರು ಇದ್ದಾರೆ. ಪೂಜೆಗೆ ಕುಳಿತೊಡನೆ ದೈವನಿಂದೆಯ ಮಾತು ಮನದಲ್ಲಿ ಸುಳಿದು, ಅದನ್ನು ಯಾರಿಗೂ ಹೇಳಲಾರದೆ ಬೇಯುವವರೂ ಇದ್ದಾರೆ. ಮೊದಲನೆಯವರನ್ನು ನಾವು ಮಡಿವಂತರೆಂದು ಹೊಗಳುತ್ತೇವೆ. ಎರಡನೆಯವರು ತಮ್ಮನ್ನು ತಾವೇ ಪಾಪಿಗಳೆಂದು ಹಳಿದುಕೊಳ್ಳುತ್ತಾರೆ. ಎರಡೂ ಸಲ್ಲದು. ಬೇಡವೆಂದರೂ ನುಗ್ಗುವ ಯೋಚನೆ, ಅದು ತರುವ ಅಂಜಿಕೆಯನ್ನು ತಣಿಸಲು ಮಾಡಲೇಬೇಕೆನಿಸುವ ಕ್ರಿಯೆ, ಇವೆರಡೂ ಕೂಡಿದ ಗೀಳುರೋಗವಿದು.

ಫ್ರಾನ್ಸಿನ ವೈದ್ಯ ಎಸ್ಕಿರೋಲ್ 1838ರಲ್ಲಿಯೇ ಇಂತಹ ರೋಗಿಯೊಬ್ಬಳ ವೃತ್ತಾಂತವನ್ನು ಬರೆದಿದ್ದನು. ಆದರೆ ಬಹುಕಾಲ ಇದಕ್ಕೆ ತಕ್ಕ ಮದ್ದು ದೊರೆಯಲಿಲ್ಲ. 1966ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ವಿಕ್ಟರ್ ಮೇಯರ್ ಇಬ್ಬರು ರೋಗಿಗಳ ವಿಷಯವನ್ನು ಪ್ರಕಟಿಸಿದನು. ಒಬ್ಬರದು ತೊಳೆಯುವ ಗೀಳು. ಇನ್ನೊಬ್ಬರದು ದೈವನಿಂದೆಯ ಯೋಚನೆಗಳ ಗೀಳು. ನೋಡಿರಿ, ನಮ್ಮ ಬಚ್ಚಲಿನ ಕಥೆಯೂ ದೇವರ ಕೋಣೆಯ ಕಥೆಯೂ ಸಾಗರದಾಚೆ ಹಾಗೆಯೇ ಇದ್ದವು! ಮೇಯರನು ರೋಗಿಗಳನ್ನು ಅಂಜಿಕೆಯ ವಸ್ತುವಿಗೆ ಎದುರಾಗಿಸಿ, ತೊಳೆಯುವ ಕ್ರಿಯೆಯನ್ನು ತಡೆದನು; ಕೋಣೆಯ ನಲ್ಲಿಯ ನೀರನ್ನೂ ನಿಲ್ಲಿಸಿದ್ದುಂಟು.

ಇಂದು ಅಷ್ಟು ಬಿಗಿಯಿಲ್ಲ. ಚಿಕಿತ್ಸಕನು ರೋಗಿಯ ಒಪ್ಪಿಗೆಯಿಂದಲೇ ಅಂಜಿಕೆಗಳ ಮೆಟ್ಟಿಲುಗಳನ್ನು ಗೊತ್ತುಮಾಡಿ, ಕೆಳಗಿನ ಮೆಟ್ಟಿಲಿನಿಂದ ಆರಂಭಿಸುತ್ತಾನೆ. ಸಂತೆಯಿಂದ ಬಂದ ನೋಟನ್ನು ಮುಟ್ಟಿ ಕೈ ತೊಳೆಯದೆ ಕುಳಿತರೆ ಎದೆ ಡವಡವಿಸುತ್ತದೆ, ಬೆವರು ಬರುತ್ತದೆ. ಕುಳಿತೇ ಇದ್ದರೆ ಆ ತಳಮಳವು ತಾನಾಗಿಯೇ ಇಳಿಯುತ್ತದೆ. ನಾಳೆ, ನಾಡಿದ್ದು ಮತ್ತೆ ಮಾಡಿದಂತೆ ಇನ್ನೂ ಬೇಗನೆ ಇಳಿಯುತ್ತದೆ. ತೊಳೆದಾಗ ದೊರೆಯುವ ಕ್ಷಣದ ನೆಮ್ಮದಿಯೇ ಗೀಳಿಗೆ ಗೊಬ್ಬರವೆಂಬುದು ಇದರ ಗುಟ್ಟು. ರೋಗವು ತೀವ್ರವಾಗಿದ್ದರೆ ವೈದ್ಯರು ಜೊತೆಗೆ ಔಷಧಿಯನ್ನೂ ಕೊಡುತ್ತಾರೆ.

ನಮ್ಮ ನಾಡಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದಾಗ ಮುದಗಲ್ಲು ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಿತು. ಆ ಸಂಸ್ಥೆಯೂ ಅಲ್ಲಿನ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಆಯಿತು. ಗೀಳುರೋಗಕ್ಕೆಂದೇ ಅಲ್ಲಿ ಈಗ ಪ್ರತ್ಯೇಕ ಚಿಕಿತ್ಸಾಲಯವಿದೆ. ಆದರೆ ಮುದಗಲ್ಲಿನ ರೈತನಿಗೆ ಬೆಂಗಳೂರೆಂದರೆ ಒಂದು ರಾತ್ರಿಯ ಪ್ರಯಾಣ. ಈ ದೂರವನ್ನು ಕುಗ್ಗಿಸುವ ಯತ್ನವು 1985ರಲ್ಲಿ ತುಂಗಭದ್ರೆಯ ಆಚೆಯ ಬಳ್ಳಾರಿ ಜಿಲ್ಲೆಯಲ್ಲಿ ನಡೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮನೋರೋಗಗಳ ತರಬೇತಿಯನ್ನು ಕೊಡಲಾಯಿತು. ಮುಂದೆ ಅದೇ ದೇಶಕ್ಕೆಲ್ಲ ಮಾದರಿಯಾಯಿತು. 2022ರ ಅಕ್ಟೋಬರಿನಿಂದ ಟೆಲಿಮಾನಸ್ ಎಂಬ ಸರಕಾರಿ ದೂರವಾಣಿ ಸೇವೆಯಿದೆ. 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಕೇಳಬಹುದು.

ಮನೆಯವರಲ್ಲಿ ಒಂದು ಅರಿಕೆ. "ಕೈ ಶುದ್ಧವಾಯಿತೇ?" ಎಂದು ರೋಗಿಯು ಹತ್ತಾರು ಸಲ ಕೇಳಿದಾಗ ಪ್ರತಿಸಲವೂ "ಆಯಿತು, ಆಯಿತು" ಎನ್ನುವುದು ಕನಿಕರವೆಂದು ನಮಗೆ ತೋರುತ್ತದೆ. ಅದೂ ತೊಳೆದಂತೆಯೇ. ಬೈಯದೆ, ಹಾಸ್ಯಮಾಡದೆ, ಆ ಉತ್ತರವನ್ನು ಮೆಲ್ಲಮೆಲ್ಲನೆ ಹೇಗೆ ಕಡಿಮೆ ಮಾಡಬೇಕೆಂಬುದನ್ನು ಚಿಕಿತ್ಸಕರು ಮನೆಯವರಿಗೂ ಕಲಿಸುತ್ತಾರೆ.