ಗಣಕಯಂತ್ರವನ್ನು ಮುಚ್ಚುವ ಕ್ರಮ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಗಣಕಯಂತ್ರದ ಉದ್ಯೋಗದಲ್ಲಿದ್ದಾರೆ. ಅವರಿಗೆ ಈ ಬರಹದಲ್ಲಿ ಹೊಸತೇನೂ ಕಾಣದಿರಬಹುದು. ಬೆಳಕೆಯಂತಹ ಊರಿನ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಉಳಿದವರಿಗಾಗಿ ಬರೆಯುತ್ತಿದ್ದೇನೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯೂನಿಕ್ಸ್ ಹುಟ್ಟಿತು. ಒಂದೇ ಯಂತ್ರವನ್ನು ಹಲವರು ತಮ್ಮ ತಮ್ಮ ಟರ್ಮಿನಲ್‌ಗಳಿಂದ ಬಳಸುತ್ತಿದ್ದರು. ಬರೆದದ್ದು ಕ್ಷಣಕಾಲ ಸ್ಮೃತಿಯಲ್ಲಿದ್ದು ಆಮೇಲೆ ಡಿಸ್ಕಿಗೆ ಇಳಿಯುತ್ತಿದ್ದುದರಿಂದ, ಹಠಾತ್ತನೆ ನಿಲ್ಲಿಸಿದರೆ ಎಲ್ಲರಿಗೂ ನಷ್ಟ. ಹೀಗಾಗಿ ‘ಇಷ್ಟು ನಿಮಿಷಗಳಲ್ಲಿ ಯಂತ್ರ ನಿಲ್ಲಲಿದೆ’ ಎಂದು ಎಲ್ಲರಿಗೂ ಮುನ್ಸೂಚನೆ ನೀಡುವ ‘ಶಟ್‌ಡೌನ್’ ಆಜ್ಞೆ ಬಳಕೆಗೆ ಬಂತು.

ಅದೇ ಪರಂಪರೆಯಲ್ಲಿ 1991ರಲ್ಲಿ ಲಿನಕ್ಸ್ ಬಂತು. 1999ರಲ್ಲಿ ಜಿಮ್ ಮೆಕ್‌ಕ್ವಿಲನ್ ಅವರು ಎಲ್‌ಟಿಎಸ್‌ಪಿ ಎಂಬ ಯೋಜನೆಯನ್ನು ಆರಂಭಿಸಿದರು. ಹಾರ್ಡ್ ಡಿಸ್ಕ್ ಇಲ್ಲದ ಹಳೆಯ ಗಣಕಗಳೂ ಜಾಲದ ಮೂಲಕ ಎಚ್ಚರಗೊಂಡು, ಒಂದು ಸರ್ವರಿನ ಬಲದಿಂದ ಕೆಲಸ ಮಾಡತೊಡಗಿದವು. ಇವೇ ಥಿನ್ ಕ್ಲೈಂಟ್‌ಗಳು. ಹಣವಿಲ್ಲದ ಶಾಲೆಗಳಿಗೆ ಇದೊಂದು ವರವೇ ಸರಿ.

ವರದೊಡನೆ ಒಂದು ನಿಯಮವೂ ಬಂತು. ಮಗುವಿನ ಎದುರಿನ ಯಂತ್ರದಲ್ಲಿ ಕಳೆದುಕೊಳ್ಳಲು ಏನೂ ಇಲ್ಲ, ಬರೆದದ್ದೆಲ್ಲ ಸರ್ವರಿನಲ್ಲಿ. ಆದರೂ ಅದನ್ನು ಒಮ್ಮೆಲೇ ಆರಿಸಿದರೆ ಮಗುವಿನ ಕೆಲಸದ ಅವಶೇಷಗಳು ಸರ್ವರಿನಲ್ಲಿ ಉಳಿದು, ಮರುದಿನ ಫೈರ್‌ಫಾಕ್ಸ್ ‘ನಾನಾಗಲೇ ತೆರೆದಿದ್ದೇನೆ’ ಎಂದು ಹಟ ಹಿಡಿಯುವುದುಂಟು. ಸರ್ವರೇ ಮೊದಲು ನಿಂತರೆ ಸಂಕಟ ಇನ್ನೂ ದೊಡ್ಡದು: ತನ್ನ ಕಡತಗಳೆಲ್ಲ ಅಲ್ಲಿರುವುದರಿಂದ, ಕ್ಲೈಂಟಿಗೆ ಕ್ರಮವಾಗಿ ಮುಚ್ಚಿಕೊಳ್ಳಲೂ ಆಗದು, ಅದು ಸ್ತಬ್ಧವಾಗಿ ನಿಂತುಬಿಡುತ್ತದೆ. 2001ರಲ್ಲಿ ಲಿನಕ್ಸಿಗೆ ಸೇರಿದ ಎಕ್ಸ್ಟ್3 ಎಂಬ ವ್ಯವಸ್ಥೆ ಡಿಸ್ಕಿನ ರಚನೆಯನ್ನು ಕಾಯಿತು. ಮಗು ಉಳಿಸದೆ ಬಿಟ್ಟ ಪ್ರಬಂಧವನ್ನು ಅದು ಕಾಯಲಾರದು.

ಆದ್ದರಿಂದ ಕ್ಲೈಂಟ್‌ಗಳು ಮೊದಲು, ಸರ್ವರ್ ಕೊನೆಗೆ. ಎಲ್‌ಟಿಎಸ್‌ಪಿಯ ಐದನೆಯ ಆವೃತ್ತಿಯಲ್ಲಿ ಸಂರಚನೆಯ ಕಡತದೊಳಗೆ ಮುಚ್ಚುವ ವೇಳೆಯನ್ನು ಬರೆದಿಟ್ಟರೆ ಸಾಕು. 16:30:00 ಎಂದರೆ ಸಂಜೆ ನಾಲ್ಕೂವರೆಗೆ ಕ್ಲೈಂಟ್‌ಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಗ್ರೀಸಿನ ಶಾಲೆಗಳಿಗಾಗಿ ದುಡಿದವರು ರೂಪಿಸಿದ ‘ಎಪೋಪ್ಟಿಸ್’ ತಂತ್ರಾಂಶದಿಂದ ಶಿಕ್ಷಕರು ಕುಳಿತಲ್ಲಿಂದಲೇ ಎಲ್ಲವನ್ನೂ ಮುಚ್ಚಬಹುದು. 2019ರಲ್ಲಿ ಎಲ್‌ಟಿಎಸ್‌ಪಿಯನ್ನು ಹೊಸದಾಗಿ ಬರೆದಾಗಲೂ ಈ ಕ್ರಮದ ಅಗತ್ಯ ತಪ್ಪಲಿಲ್ಲ.

ನಮ್ಮ ಕರಾವಳಿಯಲ್ಲಿ ಇದು ಬರಿಯ ಶಿಸ್ತಿನ ಮಾತಲ್ಲ. ಪಕ್ಕದ ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯಲ್ಲಿ 240 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರವಿದ್ದರೂ, ಆಷಾಢದ ಗಾಳಿಗೆ ಮರವೊಂದು ತಂತಿಯ ಮೇಲೆ ಉರುಳಿದರೆ ಕತ್ತಲೆಯೇ. ಹಣ ಒಂದೇ ಯುಪಿಎಸ್ಸಿಗೆ ಸಾಲುವುದಾದರೆ ಅದು ಸರ್ವರಿಗಿರಲಿ. ಬ್ಯಾಟರಿ ಬರಿದಾಗುವ ಮುನ್ನ ಅದು ತಾನಾಗಿ ಮುಚ್ಚಿಕೊಳ್ಳುವಂತಿರಲಿ. ಮಕ್ಕಳಿಗೆ ಆಗಾಗ ಬರೆದದ್ದನ್ನು ಉಳಿಸುವ ರೂಢಿಯಾಗಲಿ.

ಯಕ್ಷಗಾನದಲ್ಲಿ ವೇಷಗಳೆಲ್ಲ ಚೌಕಿಗೆ ಮರಳಿದ ಮೇಲೆ ಭಾಗವತರು ಮಂಗಳ ಹಾಡುತ್ತಾರೆ. ಎಲ್ಲರ ಭಾರ ಹೊತ್ತವರು ಕೊನೆಗೆ ಏಳಬೇಕೆಂಬ ಆ ಮರ್ಯಾದೆಯೇ ಇಲ್ಲಿಯೂ ಇದೆ. ನಿಮ್ಮಲ್ಲಿ ಯಾರಾದರೂ ಊರಿನ ಶಾಲೆಗೆ ಹಳೆಯ ಗಣಕಗಳನ್ನು ಕೊಡುವುದಿದ್ದರೆ, ದಯವಿಟ್ಟು ಮುಚ್ಚುವ ಕ್ರಮವನ್ನೂ ಕಲಿಸಿ ಬನ್ನಿ.