ಚೇತಕ್ಕೋ ಚೀತಾವೋ? ಬಾಲ ನೋಡಿ

ವೈಟ್‌ಫೀಲ್ಡ್ ಕಡೆ ತಲೆಮೇಲೆ ಹಾರಿದ್ದನ್ನೆಲ್ಲ ನಾವು ಬರೀ ‘ಹೆಲಿಕಾಪ್ಟರ್’ ಅಂದುಬಿಡುತ್ತೇವೆ. ಆದರೆ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಚೇತಕ್ ಬೇರೆ, ಚೀತಾ ಬೇರೆ.

ಎರಡರ ಮೂಲವೂ ಫ್ರಾನ್ಸ್. 1962ರ ಒಪ್ಪಂದದಿಂದ ಬಂದ ಚೇತಕ್‌ಗೆ ಮೂರು ಗಾಲಿ, ತಗಡು ಹೊದಿಸಿದ ಬಾಲ. 1970ರ ಒಪ್ಪಂದದ ಚೀತಾಗೆ ಗಾಲಿಯಿಲ್ಲ, ಉದ್ದನೆಯ ಕೊಳವೆ ಕಾಲು. ಬಾಲವೋ ಬರೀ ಕಂಬಿಗಳ ಹೆಣಿಗೆ.

ಚೀತಾದ ಮೈ ಹಗುರ, ಎಂಜಿನ್ ಮಾತ್ರ ಚೇತಕ್‌ನಂಥದ್ದೇ. ಅದಕ್ಕೇ ಗಾಳಿ ತೆಳುವಾದ ಸಿಯಾಚಿನ್‌ಗೂ ಏರಿ, ಗಾಯಗೊಂಡ, ಕಾಯಿಲೆ ಬಿದ್ದ ಯೋಧರನ್ನು ಕೆಳಗೆ ತಂದಿದೆ.

1992ರಲ್ಲಿ ಮೊದಲು ಹಾರಿದ ಧ್ರುವ್ ಆದರೆ ಕಾಲು ನೋಡಿ: ಭೂಸೇನೆ, ವಾಯುಪಡೆಯದಕ್ಕೆ ಕೊಳವೆ ಕಾಲು, ನೌಕಾಪಡೆಯದಕ್ಕೆ ಗಾಲಿ.

ಮಕ್ಕಳು ರಟ್ಟಿನಲ್ಲಿ ಚೀತಾ ಮಾಡಿದರೆ ಬಾಲಕ್ಕೆ ಕಡ್ಡಿ ಹೆಣೆಯಲಿ, ರಟ್ಟು ಮುಚ್ಚುವುದು ಬೇಡ.