ಬಿಷಪ್ ಮಾರ್ಗನ್‌ರ ಮುಖ: 1907ರ ಭಾವಚಿತ್ರವನ್ನು ಓದುವ ಬಗೆ

ವೆಲ್ಷ್ ಭಾಷೆಗೆ ಇಡೀ ಬೈಬಲನ್ನು ಮೊದಲು ತಂದವರು ವಿಲಿಯಂ ಮಾರ್ಗನ್. 1588ರಲ್ಲಿ ಆ ಗ್ರಂಥ ಲಂಡನ್ನಿನಲ್ಲಿ ಅಚ್ಚಾದಾಗ ಅವರು ಲಾನ್‌ರೈಯಾಡರ್ ಎಂಬ ಹಳ್ಳಿಯ ಪಾದ್ರಿ; 1604ರಲ್ಲಿ ತೀರಿಕೊಂಡಾಗ ಸೇಂಟ್ ಅಸಾಫಿನ ಬಿಷಪ್, ಆದರೂ ಬಡವ. ಅವರನ್ನು ಎದುರು ಕೂರಿಸಿಕೊಂಡು ಬರೆದ ಚಿತ್ರ ಯಾವುದೂ ಉಳಿದಿಲ್ಲ. ಇಂದು ಅವರ ಹೆಸರಿನ ಜೊತೆ ಅಚ್ಚಾಗುತ್ತಿರುವ ಮುಖವನ್ನು ಥಾಮಸ್ ಪ್ರಿಥರ್ಖ್ ಬರೆದದ್ದು 1907ರಲ್ಲಿ, ಅಂದರೆ ಮಾರ್ಗನ್ ಸತ್ತ 303 ವರ್ಷಗಳ ಮೇಲೆ. ಈ ಚಿತ್ರ ಮಾರ್ಗನ್ ಹೇಗಿದ್ದರು ಎಂಬುದಕ್ಕೆ ಸಾಕ್ಷಿಯಲ್ಲ. ಇಪ್ಪತ್ತನೇ ಶತಮಾನದ ಆರಂಭದ ವೇಲ್ಸ್‌ಗೆ ಎಂಥ ಮಾರ್ಗನ್ ಬೇಕಾಗಿದ್ದರು ಎಂಬುದಕ್ಕೆ ಸಾಕ್ಷಿ ಎಂಬುದು ನನ್ನ ವಾದ.

ಮಾರ್ಗನ್ ತಮ್ಮ ಬಗ್ಗೆ ತಾವೇ ಬಿಟ್ಟುಹೋದ ದಾಖಲೆಯಿಂದ ಹೊರಡೋಣ. 1588ರ ಬೈಬಲಿಗೆ ರಾಣಿ ಎಲಿಜಬೆತ್‌ಳನ್ನು ಉದ್ದೇಶಿಸಿ ಲ್ಯಾಟಿನ್ನಿನಲ್ಲಿ ಬರೆದ ಅರ್ಪಣೆಯಿದೆ. ಅದರ ಜೊತೆಗೇ ನೆರವಾದವರ ಸ್ಮರಣೆಯೂ ಇದೆ: ಪುಸ್ತಕಗಳನ್ನು ಒದಗಿಸಿದ ಬಿಷಪ್ಪರು, ಎಡ್ಮಂಡ್ ಪ್ರೀಸ್, ಡೇವಿಡ್ ಪೊವೆಲ್, ರಿಚರ್ಡ್ ವಾನ್. ಅಚ್ಚಿನ ಕೆಲಸ ಸಾಗಿದ್ದಷ್ಟು ಕಾಲ ವೆಸ್ಟ್‌ಮಿನ್‌ಸ್ಟರಿನ ಡೀನ್ ಗೇಬ್ರಿಯಲ್ ಗುಡ್‌ಮನ್ ಮಾರ್ಗನ್‌ರನ್ನು ತಮ್ಮ ಮನೆಯಲ್ಲೇ ಇರಿಸಿಕೊಂಡಿದ್ದರು. ಹೊಸ ಒಡಂಬಡಿಕೆಗಂತೂ ವಿಲಿಯಂ ಸೇಲ್ಸ್‌ಬರಿ ಮುಂದಾಳಾಗಿ 1567ರಲ್ಲಿ ಹೊರತಂದ ಅನುವಾದವೇ ತಳಹದಿ. ಇದು ಹಲವರ ಕೈ ಸೇರಿದ ಕೆಲಸ ಎಂಬುದನ್ನು ಮಾರ್ಗನ್ ಮರೆಮಾಚಲಿಲ್ಲ. ಇಂಥ ಉದಾರತೆ ನನಗೆ ಆ ಗ್ರಂಥದ ಅತಿ ದೊಡ್ಡ ಆಕರ್ಷಣೆಗಳಲ್ಲಿ ಒಂದು. 1892ರಲ್ಲಿ ಸೇಂಟ್ ಅಸಾಫಿನಲ್ಲಿ ನಿಲ್ಲಿಸಿದ ಅನುವಾದಕರ ಸ್ಮಾರಕವೂ ಇದನ್ನು ಗೌರವಿಸಿತು: ಅಲ್ಲಿ ಮಾರ್ಗನ್ ಎಂಟು ಮಂದಿಯಲ್ಲಿ ಒಬ್ಬರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ, ಪ್ರಿಥರ್ಖ್ ಕ್ಯಾನ್ವಾಸಿನಲ್ಲಿ, ಅವರು ಒಬ್ಬರೇ ಆದರು. 1916ರಲ್ಲಿ ಕಾರ್ಡಿಫ್ ನಗರಭವನದಲ್ಲಿ ಲಾಯ್ಡ್ ಜಾರ್ಜ್ ಅನಾವರಣಗೊಳಿಸಿದ ವೀರರ ಸಾಲಿನಲ್ಲಿ ಮಾರ್ಗನ್ ಅಮೃತಶಿಲೆಯ ಬಿಡಿಪ್ರತಿಮೆಯಾಗಿ ನಿಂತರು.

1907ರಲ್ಲೇ ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯಕ್ಕೂ ರಾಷ್ಟ್ರೀಯ ಮ್ಯೂಸಿಯಮ್ಮಿಗೂ ರಾಜಸನ್ನದು ದೊರೆಯಿತು. ಕಾಲ ಕೂಡಿಬಂದ ಮಾತ್ರಕ್ಕೆ ಕಾರಣ ಸಿಕ್ಕಿತೆನ್ನಲಾಗದು ಎಂದು ಯಾರಾದರೂ ಆಕ್ಷೇಪಿಸಿದರೆ, ಅದು ಸರಿಯೇ; ಸನ್ನದಿಗಾಗಿ ಈ ಚಿತ್ರ ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಆದರೆ ಆಗ ವೇಲ್ಸ್‌ನಲ್ಲಿ ಆಂಗ್ಲಿಕನ್ ಚರ್ಚಿನ ಸರ್ಕಾರಿ ಸ್ಥಾನಮಾನ ತೆಗೆದುಹಾಕಬೇಕೆಂಬ ಹೋರಾಟ ಕಾವೇರಿತ್ತು, 1914ರಲ್ಲಿ ಕಾಯ್ದೆಯೂ ಬಂತು. ಚರ್ಚಿನವರೂ ಅದರಿಂದ ಹೊರಗುಳಿದ ಪಂಥದವರೂ ಸಮಾನವಾಗಿ ತಮ್ಮವರೆನ್ನಬಹುದಾದ ಹಿರಿಯರು ವಿರಳ. ಭಾಷೆಯನ್ನು ಕಾಪಾಡಿದ ಬಿಷಪ್ ಅಂಥವರಲ್ಲೊಬ್ಬರು.

ಕಳೆದುಹೋದ ಯಾವುದೋ ಹಳೆಯ ಚಿತ್ರವನ್ನು ನೋಡಿ ಪ್ರಿಥರ್ಖ್ ಬರೆದಿರಬಾರದೇಕೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಅಂಥದ್ದೊಂದು ಇತ್ತು ಎನ್ನುವವರು ಅದರ ಸುಳಿವು ತೋರಿಸಬೇಕು. ಬರೀ ಸಾಧ್ಯತೆ ಆಧಾರವಾಗದು. ಇನ್ನು ಕಾಲ್ಪನಿಕವಾದರೇನಂತೆ, ವ್ಯಕ್ತಿತ್ವದ ಸತ್ಯವಿದ್ದರೆ ಸಾಲದೇ ಎನ್ನುವವರು ದಾಖಲೆಗಳತ್ತ ನೋಡಬೇಕು. ಲಾನ್‌ರೈಯಾಡರಿನಲ್ಲಿ ಇವಾನ್ ಮೆರೆಡಿತ್ ಎಂಬ ಜಮೀನುದಾರನೊಡನೆ ಮಾರ್ಗನ್‌ರ ಜಗಳ ಸ್ಟಾರ್ ಚೇಂಬರ್ ನ್ಯಾಯಾಲಯದವರೆಗೆ ಹೋಯಿತು. ಪಾದ್ರಿ ನಿಲುವಂಗಿಯೊಳಗೆ ಪಿಸ್ತೂಲಿಟ್ಟುಕೊಂಡು ಚರ್ಚಿಗೆ ಬರುತ್ತಾರೆಂಬ ಆಪಾದನೆಯೂ ಕೇಳಿಬಂತು. ಬಿಷಪ್ ಆದಮೇಲೆ ಚರ್ಚಿನ ಆದಾಯದ ಗುತ್ತಿಗೆಯ ವಿಷಯದಲ್ಲಿ ಬಲಾಢ್ಯ ಸರ್ ಜಾನ್ ವಿನ್‌ನ ಒತ್ತಾಯಕ್ಕೆ ಅವರು ಮಣಿಯಲಿಲ್ಲ. ಈ ಹಟ, ಈ ಹೆದರಿಕೆ, ಆ ಗೆಳೆಯರ ಬಳಗ ಕಾಗದಪತ್ರಗಳಲ್ಲಿವೆ. ಮುಖಕ್ಕಾಗಿ ಚಿತ್ರ ನೋಡುವವರಿಗೆ ಅವು ಸಿಗುವುದಿಲ್ಲ. ಹಾಗೆಂದು ಚಿತ್ರವನ್ನು ಮೂಲೆಗೆ ಸರಿಸಬೇಕಿಲ್ಲ. 1588ರ ಬೈಬಲಿನ ಪಕ್ಕದಲ್ಲಿ ಅದನ್ನು ಅಚ್ಚು ಹಾಕುವಾಗಲೆಲ್ಲ ಅಡಿಬರಹದಲ್ಲಿ ಪ್ರಿಥರ್ಖ್ ಹೆಸರೂ 1907 ಎಂಬ ಇಸವಿಯೂ ಇರಲೇಬೇಕು.